ತುಂಬಿದಾಗ ತೆರೆಯುವ ಬಿರುಕು

ಆ ನೀರಿನ ಟಾಕಿಯ ಮೊದಲ ಫೋಟೋ ತೆಗೆದಾಗ ಮಧ್ಯಾಹ್ನ ಹನ್ನೆರಡೂವರೆ. ಕಮಲಾಪುರದ ಅಂಚಿನ ಒಂದು ಓಣಿ, ಬೇಸಿಗೆಯ ಬಿಸಿಲು ನೆತ್ತಿಯ ಮೇಲೆ. ಆರು ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಹಳೆಯ ಟಾಕಿ. ಅದರ ನೆರಳಿನಲ್ಲಿ ಸಾಲಾಗಿ ನಾಲ್ಕು ನಳ, ನಳಗಳಿಂದ ಹತ್ತು ಹೆಜ್ಜೆ ದೂರದಲ್ಲಿ ಅಂಗನವಾಡಿ. ಹಳೆಯ ಟಾಕಿಗಳ ತಪಾಸಣೆಯ ಕೆಲಸ ಕೊಟ್ಟ ನೀರು ಸರಬರಾಜು ಕಚೇರಿಯವರದೇ ಒಂದು ಆ್ಯಪ್ ಇತ್ತು. ಅದರೊಳಗಿನ ಕ್ಯಾಮೆರಾದಿಂದಲೇ ಫೋಟೋ ತೆಗೆಯಬೇಕು. ಆಗ ದಿನ, ಹೊತ್ತು, ಜಾಗದ ಗುರುತು ಚಿತ್ರದ ಮೇಲೆ ತಾನಾಗಿಯೇ ಬೀಳುತ್ತದೆ. ನಾಲ್ಕು ದಿಕ್ಕಿನಿಂದ ನಾಲ್ಕು, ಕಂಬಕ್ಕೊಂದರಂತೆ ಆರು, ಬುಡದ್ದು ಒಂದು. ಕಾಲು ಗಂಟೆಯ ಕೆಲಸ. ಹನ್ನೊಂದೂ ಫೋಟೋ ‘ಸ್ವೀಕೃತ’ ಎಂದು ಬಂದವು.

ಫೋನು ಚೀಲಕ್ಕೆ ಹಾಕಿ ಸ್ಕೂಟಿಯ ಕಡೆ ಹೊರಟವಳು ಮೂರನೇ ಕಂಬದ ಹತ್ತಿರ ನಿಂತೆ. ನನ್ನ ಎದೆಮಟ್ಟದಿಂದ ಮೇಲಕ್ಕೆ, ಅಡ್ಡತೊಲೆ ಕೂಡುವ ಜಾಗದವರೆಗೆ, ಕೂದಲೆಳೆಯಂಥ ಒಂದು ಗೆರೆ ಹೋಗಿತ್ತು. ಉಗುರು ಹಾಕಿ ನೋಡಿದೆ. ಉಗುರು ಸಿಕ್ಕಿಕೊಂಡಿತು. ಫೋನು ಮತ್ತೆ ಹೊರತೆಗೆದು, ಆಗಷ್ಟೇ ತೆಗೆದ ಚಿತ್ರವನ್ನು ದೊಡ್ಡದು ಮಾಡಿದೆ. ಅದರಲ್ಲಿ ಬಿರುಕೇ ಇರಲಿಲ್ಲ. ಬುಡದ ಕಡೆಯ ಕಂದು ಕಲೆಯೊಂದನ್ನು ಬಿಟ್ಟರೆ ನುಣ್ಣನೆಯ ಬೂದು ಕಂಬ.

ಇದು ಹೇಗಾಯಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಕಡೆ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುಮಗಳ ಮುಖದ ಮೊಡವೆ, ಗಾಯದ ಗುರುತು, ಕಣ್ಣ ಕೆಳಗಿನ ಕಪ್ಪು ಒರೆಸಿ ನುಣ್ಣಗೆ ಮಾಡಿ ಕೊಡುವುದು ವರ್ಷಗಟ್ಟಲೆ ನನ್ನ ಕೆಲಸವಾಗಿತ್ತು. ಈಗ ಆ ಕೆಲಸವನ್ನು ಫೋನು ಯಾರೂ ಹೇಳದೆಯೇ ಮಾಡುತ್ತದೆ. ನೆರಳಿನ ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರ ಕಾಳುಕಾಳಾಗಿ ಕಾಣಬಾರದೆಂದು ಎಲ್ಲವನ್ನೂ ಸವರಿಬಿಡುತ್ತದೆ. ಮುಂದಿರುವುದು ಮುಖವೋ ಕಂಬವೋ ಅದಕ್ಕೆ ಗೊತ್ತಾಗುವುದಿಲ್ಲ.

ಮರುದಿನ ಮುಂಜಾನೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಮತ್ತೆ ಕಮಲಾಪುರಕ್ಕೆ ಹೋದೆ. ಯಾರೂ ಕೇಳಿರಲಿಲ್ಲ. ಹಳೆಯ ಡಿಎಸ್‌ಎಲ್‌ಆರ್; ಮದುವೆಗಳಲ್ಲಿ ಆಭರಣದ ಕುಸುರಿ ತೆಗೆಯಲೆಂದು ಕೊಂಡಿದ್ದ ಮ್ಯಾಕ್ರೋ ಲೆನ್ಸ್; ಮೂರು ಕಾಲಿನ ಸ್ಟ್ಯಾಂಡು. ಬಿರುಕಿನ ಪಕ್ಕದಲ್ಲಿ ಅಳತೆಯ ಸ್ಟೀಲ್ ಪಟ್ಟಿ ಅಂಟಿಸಿ, ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಕಂಬದ ಬದಿಗೆ ಹಿಡಿದೆ. ಎದುರಿನಿಂದ ಬೆಳಕು ಬಿದ್ದರೆ ತಗ್ಗುದಿಣ್ಣೆ ಕಾಣುವುದಿಲ್ಲ, ಬದಿಯಿಂದ ಬಿದ್ದರೆ ಪ್ರತಿಯೊಂದಕ್ಕೂ ನೆರಳು ಮೂಡುತ್ತದೆ. ಫೋಕಸ್ ಕೈಯಿಂದಲೇ ಹೊಂದಿಸಿದೆ.

ಸ್ಟುಡಿಯೋದ ಪರದೆಯ ಮೇಲೆ ಆ ಚಿತ್ರ ತೆರೆದೆ. ಬಿರುಕಿನ ಎರಡು ತುಟಿಗಳು ಒಂದೇ ಮಟ್ಟದಲ್ಲಿರಲಿಲ್ಲ. ಒಂದು ಬದಿ ತುಸು ಮುಂದೆ ಬಂದಿತ್ತು. ಒಳಗಿನಿಂದ ತುಕ್ಕಿನ ಕಂದು ನೀರು ಜಿನುಗಿ ಒಣಗಿತ್ತು.

ಈ ಕೆಲಸಕ್ಕೆ ನನ್ನನ್ನು ಕರೆದವರು ಒಬ್ಬ ನಿವೃತ್ತ ಇಂಜಿನಿಯರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಯಾವ ಮಾತನ್ನೂ ಜೋರಾಗಿ ಆಡದವರು. ಸುತ್ತಲಿನ ಊರುಗಳ ಹಳೆಯ ಟಾಕಿಗಳನ್ನು ನೋಡಿ ವರದಿ ಕೊಡುವ ಜವಾಬ್ದಾರಿ ಅವರದು, ಫೋಟೋ ನನ್ನದು. ಪ್ರಿಂಟು ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಚಲೋ ಬಂದದ ತಂಗಿ. ಆದ್ರ ಇದನ್ನ ಹಾಕಾಕ ಬರಂಗಿಲ್ಲ. ಆ್ಯಪಿನಾಗ ತೆಗೆದದ್ದಷ್ಟೇ ನಡೀತದ.”

“ಹಂಗಾದ್ರ ಬಿರುಕು ಇಲ್ಲ ಅಂತ ಆಯ್ತೇನ್ರಿ ಸರ?”

“ವರದಿಯೊಳಗ ಇಲ್ಲ.” ಪ್ರಿಂಟನ್ನು ಮೇಜಿನ ಮೇಲಿಟ್ಟರು. “ನೋಡು, ಬಿರುಕಿನಾಗೂ ಜೀವ ಇದ್ದದ್ದು, ಸತ್ತದ್ದು ಅಂತ ಇರ್ತಾವ. ಯಾವಾಗೋ ಬಿಟ್ಟು ಅಲ್ಲೇ ನಿಂತಿದ್ದು ಸತ್ತದ್ದು. ದಿನಾ ಅಲುಗಾಡೋದು ಜೀವ ಇದ್ದದ್ದು. ಒಂದು ಫೋಟೋ ನೋಡಿ ಟಾಕಿ ಬಂದ್ ಮಾಡ್ರಿ ಅಂತ ನಾ ಬರದ್ರ, ಈ ಬ್ಯಾಸಿಗ್ಯಾಗ ಆ ಓಣಿ ಮಂದಿ ನೀರಿಗೆ ಎಲ್ಲಿಗೆ ಹೋಗಬೇಕು? ಅದು ಅಲುಗಾಡ್ತದೋ ಇಲ್ಲೋ, ಅದನ್ನ ತೋರಿಸು ನನಗ.”

ಎರಡು ದಿನದ ನಂತರ ಅವರೇ ಟಾಕಿಯ ಹತ್ತಿರ ಬಂದರು. ಕಿಟಕಿ ಗಾಜಿನ ತೆಳ್ಳನೆಯ ಒಂದು ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗಳನ್ನು ಸಿಮೆಂಟಿನಿಂದ ಕಂಬಕ್ಕೆ ಕೂಡಿಸಿದರು. ಬಿರುಕು ಅಗಲವಾದರೆ ಗಾಜು ತಾಳುವುದಿಲ್ಲ, ಸೀಳುತ್ತದೆ. ಓಣಿಗೆ ನೀರು ಬಿಡುವ ವಾಟರ್‌ಮನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಐವತ್ತೈದರ ಆಸುಪಾಸಿನ ಬಡಕಲು ಮನುಷ್ಯ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ.

“ಟಾಕಿ ಯಾವಾಗ ತುಂಬ್ತೀರಿ ಅಣ್ಣಾ?” ಎಂದೆ.

“ಮುಂಜಾನಿ ಐದೂವರಿಗೆ ಮೋಟರ್ ಚಾಲೂ ಮಾಡ್ತೀನ್ರಿ ಅಕ್ಕಾರ. ಎಂಟರ ಸುಮಾರಿಗೆ ತುಂಬ್ತದ. ಮಂದಿ ಹಿಡಕೊಂಡು ಹೋಗೋದ್ರಾಗ ಹನ್ನೊಂದಕ್ಕ ಖಾಲಿ.”

“ಮೊದಲು ಫೋಟೋಕ್ಕ ಬಂದವ್ರು ಎಷ್ಟೊತ್ತಿಗೆ ಬರ್ತಿದ್ರು?”

“ಹನ್ನೆರಡಕ್ಕ, ಒಂದಕ್ಕ. ನಾನೂ ಅವಾಗ ಆರಾಮ ಇರ್ತೀನಲ್ರಿ.”

ಇಂಜಿನಿಯರು ನನ್ನ ಮುಖ ನೋಡಿದರು. ಅಲ್ಲಿಯವರೆಗೆ ಆ ಟಾಕಿಯ ಫೋಟೋ ಯಾರು ತೆಗೆದಿದ್ದರೂ ಖಾಲಿ ಇದ್ದಾಗಲೇ ತೆಗೆದಿದ್ದರು. ನಾನೂ ಅವರಲ್ಲಿ ಒಬ್ಬಳು.

ಮೊದಲು ಫೋನಿನಿಂದಲೇ ಪ್ರಯತ್ನಿಸಿದೆ. ಕಚೇರಿಯವರು ಒಪ್ಪುವುದು ಅದನ್ನೇ ಅಲ್ಲವೇ? ಇನ್ನೂ ಕತ್ತಲಿರುವಾಗಲೇ ಕಲಬುರಗಿ ಬಿಟ್ಟು, ಮೋಟರು ಶುರುವಾಗುವ ಹೊತ್ತಿಗೆ ಬಿರುಕು ಒರೆಸಿಹೋಗದಂತೆ ಫೋನನ್ನು ಕಂಬಕ್ಕೆ ತೀರ ಹತ್ತಿರ ಸ್ಟ್ಯಾಂಡಿಗೆ ಕಟ್ಟಿ, ಐದು ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಹೊಂದಿಸಿದೆ. ಮೊದಲ ತೊಂದರೆ ಬೆಳಕು ಬಿಟ್ಟ ಮೇಲೆ ಕಂಡಿತು. ಫೋನಿನಲ್ಲಿ ಮೂರು ಲೆನ್ಸು. ಬೆಳಕು ಬದಲಾದಂತೆ ಅದು ತನಗೆ ಸರಿಕಂಡ ಲೆನ್ಸಿಗೆ ಹಾರುತ್ತಿತ್ತು. ಒಂದು ಚಿತ್ರದಲ್ಲಿ ನಡುವೆ ಇದ್ದ ಬಿರುಕು ಮುಂದಿನದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಸಣ್ಣದಾಗಿ. ಅಳೆಯುವುದಕ್ಕೆ ಎರಡು ಚಿತ್ರ ಒಂದಕ್ಕೊಂದು ಕೂಡಬೇಕು, ಅವು ಕೂಡಲಿಲ್ಲ. ಏಳೂವರೆಗೆ ಬಿಸಿಲು ನೇರವಾಗಿ ಫೋನಿನ ಬೆನ್ನಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಪರದೆ ಮಂಕಾಯಿತು, ತುಂಬಾ ಬಿಸಿಯಾಗಿದೆ ಎಂಬ ಸೂಚನೆ ಬಂತು, ಕ್ಯಾಮೆರಾ ಮುಚ್ಚಿಕೊಂಡಿತು. ಒದ್ದೆ ಕರವಸ್ತ್ರ ಸುತ್ತಿದೆ. ಹತ್ತು ನಿಮಿಷ ನಡೆದು ಮತ್ತೆ ನಿಂತಿತು. ಟಾಕಿ ತುಂಬಿದ ಹೊತ್ತಿನ ಒಂದೂ ಚಿತ್ರ ನನಗೆ ಸಿಗಲಿಲ್ಲ. ನಳಗಳ ಮುಂದೆ ಹೆಂಗಸರು ಕೊಡ ಸಾಲು ಹಚ್ಚಿ ಮಾತಾಡುತ್ತಿದ್ದರು. ಅವರ ತಲೆಯ ಮೇಲೆ ನೀರು ಏರುವ ಸದ್ದು ಕಂಬಕ್ಕೆ ಕಿವಿ ಹಚ್ಚಿದರೆ ಕೇಳುತ್ತಿತ್ತು.

ಕ್ಯಾಮೆರಾ ಸ್ಟುಡಿಯೋದಲ್ಲಿತ್ತು, ಆದರೆ ಅದಕ್ಕೆ ಚುಚ್ಚುವ ಟೈಮರಿನ ವೈರು ತುಂಡಾಗಿತ್ತು. ಮೋಮಿನಪುರದ ರಿಪೇರಿ ಉಸ್ತಾದರ ಹತ್ತಿರ ಒಯ್ದೆ. ಮೊದಲು ಅವರ ಅಂಗಡಿಯ ತುಂಬ ಕ್ಯಾಮೆರಾಗಳಿರುತ್ತಿದ್ದವು. ಈಗ ಒಡೆದ ಮೊಬೈಲುಗಳ ಗಾಜು.

“ಇದರ ಪಾರ್ಟ್ ಈಗ ಯಾರ್ ಇಡ್ತಾರ್ರಿ ಅಕ್ಕಾ? ಸಬ್ ಮೊಬೈಲ್ ಆಗಿ ಹೋಗ್ಯಾದ,” ಎನ್ನುತ್ತಲೇ ಬೇರೆ ಯಾವುದೋ ವೈರು ಕತ್ತರಿಸಿ ಬೆಸೆದು ಕೊಟ್ಟರು. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಹತ್ತಿಪ್ಪತ್ತು ಸಲ ಒತ್ತಿ ಕೇಳಿದರು. “ಶಟರ್ ಭಾಳ ಥಕ್ಯಾದ. ಎಷ್ಟು ದಿನ ನಡೀತದ ಹೇಳಾಕ ಬರಂಗಿಲ್ಲ. ಸುಮ್ಸುಮ್ನ ಒತ್ತಬ್ಯಾಡ್ರಿ.”

ಮರುದಿನ ಕಂಬದ ಮುಂದೆ ನೆಲದಲ್ಲಿ ಸ್ಟ್ಯಾಂಡಿನ ಮೂರು ಕಾಲಿಗೂ ಬಣ್ಣದ ಗುರುತು ಹಾಕಿ, ಕ್ಯಾಮೆರಾ ಕೂಡಿಸಿ, ಮೇಲೆ ಕೊಡೆ ಕಟ್ಟಿದೆ. ಎಲ್ಲ ಹೊಂದಿಸಿ ನಿಂತರೆ ಕರೆಂಟೇ ಬರಲಿಲ್ಲ. ಮೋಟರ್ ನಡೆಯಲಿಲ್ಲ, ಟಾಕಿ ತುಂಬಲಿಲ್ಲ. ಹೆಂಗಸರು ಬೈಯುತ್ತ ಖಾಲಿ ಕೊಡ ಹೊತ್ತು ಹೋದರು. ಬಂದದ್ದಕ್ಕೆ ಇರಲಿ ಎಂದು ಹನ್ನೆರಡರವರೆಗೆ ಕ್ಯಾಮೆರಾ ಓಡಿಸಿದೆ. ದಿನವೆಲ್ಲ ದಂಡವಾಯಿತೆಂದೇ ನನ್ನ ಅನಿಸಿಕೆ.

ಅದರ ಮರುದಿನ ಕರೆಂಟಿತ್ತು. ಐದೂವರೆಗೆ ಮೋಟರಿನ ಸದ್ದು. ಐದು ನಿಮಿಷಕ್ಕೊಮ್ಮೆ ಶಟರಿನ ಸದ್ದು. ಪ್ರತಿ ಸಲವೂ ಉಸ್ತಾದರ ಮಾತು ನೆನಪಾಗಿ ಇದೇ ಕೊನೆಯದೇನೋ ಅನ್ನಿಸುತ್ತಿತ್ತು. ಏಳೂ ಮುಕ್ಕಾಲಿಗೆ, ಸಾಲು ಎಲ್ಲಕ್ಕಿಂತ ಉದ್ದವಿದ್ದಾಗ, ಕಂಬದಿಂದ ಟಕ್ ಎಂದು ಸಣ್ಣ ಸದ್ದು ಬಂತು. ಬಳೆ ಒಡೆದಷ್ಟೇ ಸದ್ದು. ಯಾರೂ ತಿರುಗಿ ನೋಡಲಿಲ್ಲ. ನಾನು ಹತ್ತಿರ ಹೋದೆ. ಗಾಜಿನ ಪಟ್ಟಿ ನಟ್ಟನಡುವೆ ಸೀಳಿತ್ತು.

ಮೇಲೆ ನೋಡಿದೆ. ಟಾಕಿ ಯಾವಾಗಿನಂತೆಯೇ ನಿಂತಿತ್ತು. ವಾಟರ್‌ಮನ್ ಬಂದು ಗಾಜನ್ನು ನೋಡಿ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಹೋಗಿ ಮೋಟರ್ ಬಂದ್ ಮಾಡಿ ಬಂದ.

ಆಗಲೇ ಅಂಗನವಾಡಿ ಟೀಚರ್ ಹೊರಬಂದು ನನ್ನ ಪಕ್ಕ ನಿಂತಳು. ನನಗಿಂತ ಹತ್ತು ವರ್ಷ ಸಣ್ಣವಳು. “ದಿನಾ ಏನ್ ತೆಗಿತೀರಿ ಅಕ್ಕಾ ಈ ಕಂಬದ್ದು? ನಾನೂ ದಿನಾ ತೆಗಿತೀನಿ, ಮಕ್ಕಳದು. ತತ್ತಿ ತಿನ್ನೋ ಫೋಟೋ ಮ್ಯಾಲಕ್ಕ ಕಳಿಸಬೇಕಲ್ಲ.”

“ಎಲ್ಲಿ ಕೂಡಿಸಿ ತೆಗಿತೀರಿ?”

“ಇಲ್ಲೇ. ಒಳಗ ಕತ್ತಲಿ, ಟಾಕಿ ನೆರಳಾಗ ತಂಪಿರ್ತದ.”

ಅವಳ ಫೋನು ಇಸಿದುಕೊಂಡು ಹಿಂದಕ್ಕೆ ಸರಿಸುತ್ತ ಹೋದೆ. ಒಂದು ವರ್ಷದಷ್ಟು ಫೋಟೋಗಳು. ಎಲ್ಲದರಲ್ಲೂ ತತ್ತಿ ಹಿಡಿದ ಮಕ್ಕಳ ಸಾಲು, ಹಿಂದೆ ಅದೇ ಮೂರನೇ ಕಂಬ. ಬಿರುಕು ಯಾವುದರಲ್ಲೂ ಇಲ್ಲ, ಅದನ್ನು ಫೋನು ಒರೆಸಿತ್ತು. ಆದರೆ ತುಕ್ಕಿನ ಕಲೆಯನ್ನು ಒರೆಸಿರಲಿಲ್ಲ. ಹೋದ ವರ್ಷದ ಚಿತ್ರಗಳಲ್ಲಿ ಕಂಬದ ಬುಡದಲ್ಲಿ ಗೇಣುದ್ದದ ಕಂದು. ಮಳೆಗಾಲ ಕಳೆದ ಮೇಲಿನವುಗಳಲ್ಲಿ ಕೂತ ಮಕ್ಕಳ ಭುಜಕ್ಕೆ ಬಂದಿತ್ತು. ಆಮೇಲೆ ಕಿವಿಗೆ. ಆ ವಾರದ ಚಿತ್ರದಲ್ಲಿ ಅವರ ತಲೆಗಳನ್ನು ದಾಟಿ ಮೇಲಕ್ಕೆ ಹೋಗಿತ್ತು. ಮಕ್ಕಳು ನಗುತ್ತಿದ್ದರು.

ಟೀಚರ್ ನನ್ನ ಕೈಯಿಂದ ಫೋನು ತೆಗೆದುಕೊಂಡು ತಾನೂ ಅದೇ ಕ್ರಮದಲ್ಲಿ ನೋಡಿದಳು. “ದಿನಾ ನಾನೇ ತೆಗದೀನಿ,” ಅಂದಳು. “ಒಂದ್ ದಿನಾನೂ ಹಿಂದ ನೋಡಿಲ್ಲ.” ಒಳಗೆ ಹೋಗಿ ಮಕ್ಕಳನ್ನೆಲ್ಲ ಕರೆದುಕೊಂಡು ಓಣಿಯ ಆ ಬದಿಯ ಸಮುದಾಯ ಭವನದ ಕಟ್ಟೆಗೆ ನಡೆದಳು. ಯಾರನ್ನೂ ಕೇಳಲಿಲ್ಲ.

ಅವತ್ತು ಶನಿವಾರ. ಮಧ್ಯಾಹ್ನ ಇಂಜಿನಿಯರು ಸ್ಟುಡಿಯೋಕ್ಕೆ ಬಂದರು. ಅವತ್ತು ಮುಂಜಾನೆಯಿಂದ ಟಾಕಿ ಖಾಲಿಯಾಗುವವರೆಗಿನ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ತೋರಿಸಿದೆ. ಟಾಕಿ ತುಂಬುತ್ತ ಹೋದಂತೆ ಬಿರುಕು ತೆರೆಯುತ್ತಿತ್ತು, ಖಾಲಿಯಾದಂತೆ ಮುಚ್ಚುತ್ತಿತ್ತು, ಆದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಅವರು ಕೂಡಲೇ ಒಪ್ಪಲಿಲ್ಲ. “ಬಿಸಿಲಿಗೂ ಕಾಂಕ್ರೀಟ್ ಹಿಗ್ಗತದ. ಇದು ಬಿಸಿಲಿಂದ ಯಾಕ ಇರಬಾರದು?”

ಆಗ ನನಗೆ ಹೊಳೆಯಿತು. ಹಿಂದಿನ ದಿನ, ಕರೆಂಟಿಲ್ಲದಾಗಿನ ಚಿತ್ರಗಳನ್ನು ತೆರೆದೆ. ಅದೇ ಬಿಸಿಲು, ಅದೇ ಹೊತ್ತು, ಅದೇ ಜಾಗ. ನೀರು ಮಾತ್ರ ಇರಲಿಲ್ಲ. ಬಿರುಕು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಅಲುಗಾಡಿರಲೇ ಇಲ್ಲ.

ಇಂಜಿನಿಯರು ಕುರ್ಚಿಗೆ ಒರಗಿದರು. ಆಮೇಲೆ ಕಚೇರಿಯ ಅಧಿಕಾರಿಗೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು: “ಸೋಮವಾರ ನೋಡೂಣ ಸರ್. ಸದ್ಯಕ್ಕ ಆ್ಯಪಿನಾಗ ಹಾಕಿಬಿಡ್ರಿ. ಹೊರಗಿನ ಕ್ಯಾಮೆರಾದ್ದು ಇದ್ರ ಸಿಸ್ಟಂ ತಗೊಳ್ಳಂಗಿಲ್ಲ. ಫೋಟೋ ಎಲ್ಲಾ ಈಗಾಗಲೇ ಸ್ವೀಕೃತ ಅಂತ ತೋರಿಸಾಕತ್ತದಲ್ರಿ.”

ಫೋನಿಟ್ಟು ಇಂಜಿನಿಯರು ನನ್ನ ಕಡೆ ತಿರುಗಿದರು. “ತಂಗಿ, ಭಾನುವಾರ ಮುಂಜಾನಿ ಅದು ಮತ್ತ ತುಂಬ್ತದ. ಸೋಮವಾರಾನೂ ತುಂಬ್ತದ.”

“ನೀವು ಕೈಲೇ ಬರದು ಸಹಿ ಮಾಡಿ ಕೊಡ್ರಿ ಸರ,” ಅಂದೆ. “ಫೋಟೋ ನಾ ದೊಡ್ಡದು ಪ್ರಿಂಟ್ ಹಾಕ್ತೀನಿ. ವಾಟರ್‌ಮನ್‌ಗ ಕೊಡೂಣ.”

“ಹಂಗ ಮಾಡೋ ಅಧಿಕಾರ ನನಗಿಲ್ಲ. ನಾ ತಪ್ಪಿದ್ದರ?”

“ತಪ್ಪಿದ್ದರ ನಾಲ್ಕ್ ದಿನ ಮಂದಿ ದೂರದಿಂದ ನೀರು ತರ್ತಾರ.”

ಅವರು ಕಾಗದ ಕೇಳಿದರು. ಬರೆಯುವಾಗ ಅವರ ಕೈ ಒಂದೆರಡು ಕಡೆ ನಿಂತಿತು. ಸಹಿಯ ಕೆಳಗೆ ತಮ್ಮ ಪೂರ್ತಿ ಹೆಸರು, ಮನೆಯ ವಿಳಾಸ ಬರೆದರು. ಫೋಟೋ ತೆಗೆದವಳೆಂದು ನಾನೂ ಸಹಿ ಹಾಕಿದೆ.

ಸಂಜೆ ಕಮಲಾಪುರದಲ್ಲಿ ವಾಟರ್‌ಮನ್ ಆ ಕಾಗದ ಓದಿಸಿಕೊಂಡ. ಪ್ರಿಂಟಿನಲ್ಲಿ ಬಿರುಕು ನನ್ನ ಮುಂಗೈಯಷ್ಟು ಅಗಲ ಕಾಣುತ್ತಿತ್ತು.

“ನೀವು ಬರದು ಕೊಟ್ಟು ಹೋಗ್ತೀರಿ. ನಾಳಿ ಮುಂಜಾನಿ ಕೊಡ ಹಿಡಕೊಂಡು ಬರೋರ ಮುಂದ ನಿಂದ್ರಾಂವ ನಾನು,” ಅಂದ.

“ಖರೇ ಅಣ್ಣಾ. ನಾನೂ ಬಂದು ನಿಂದರ್ತೀನಿ.”

ಭಾನುವಾರ ನಾಲ್ಕು ತಾಸು ಬೈಸಿಕೊಂಡೆವು. ಒಬ್ಬ ಹೆಂಗಸು ಪ್ರಿಂಟು ನೋಡಿ, “ಇಂಥಾವು ನಮ್ಮ ಮನಿ ಗ್ವಾಡಿ ತುಂಬ ಅವ. ಮನಿ ಬಿಟ್ಟು ಹೋಗೇವೇನು?” ಎಂದು ಕೇಳಿದಳು. ಆಗ ರಜೆಯಿದ್ದರೂ ಬಂದಿದ್ದ ಟೀಚರ್ ತನ್ನ ಫೋನು ತೆಗೆದು, ಮಕ್ಕಳ ಫೋಟೋಗಳನ್ನು ಒಂದೊಂದಾಗಿ ಅವಳಿಗೆ ತೋರಿಸಿದಳು. ಫೋಟೋದ ಸಾಲಿನಲ್ಲಿ ಆ ಹೆಂಗಸಿನ ಮೊಮ್ಮಗಳೂ ಇದ್ದಳು. ಅವಳು ಕೊಡ ಎತ್ತಿಕೊಂಡು ಹೋದಳು. ಉಳಿದವರೂ ಹೋದರು. ವಾಟರ್‌ಮನ್ ಜಾಲಿ ಮುಳ್ಳು ಕಡಿದು ತಂದು ಟಾಕಿಯ ಸುತ್ತ ಹಚ್ಚಿದ.

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಸಂಜೆ ಗಾಳಿ ಎದ್ದಿತು. ಬೇಸಿಗೆಯ ಕೊನೆಗೆ ಬರುವ, ತಗಡು ಹಾರಿಸುವ ಗಾಳಿ. ಆರರ ಸುಮಾರಿಗೆ ವಾಟರ್‌ಮನ್‌ನ ಫೋನು ಬಂತು. “ಅಕ್ಕಾರ, ಬಿತ್ರಿ,” ಅಂದ. ಸ್ಕೂಟಿ ತೆಗೆದುಕೊಂಡು ಹೊರಟೆ.

ಮೂರನೇ ಕಂಬದಿಂದ ನಾಲ್ಕನೆಯದಕ್ಕೆ ಕೂಡಿಸಿದ್ದ ಅಡ್ಡತೊಲೆ ಕಳಚಿ, ನಳಗಳ ಮೇಲೆ ಬಿದ್ದಿತ್ತು. ನಾಲ್ಕರಲ್ಲಿ ಮೂರು ನಳ ನೆಲಕ್ಕೆ ಚಪ್ಪಟೆ. ಮುಳ್ಳುಬೇಲಿಯ ಒಳಗೆ ಒಂದು ನಾಯಿ ಕೂಡ ಇರಲಿಲ್ಲ. ಟಾಕಿ ತುಸು ವಾಲಿ ನಿಂತಿತ್ತು. ಅವತ್ತೇ ಕಚೇರಿಯವರು ಬಂದರು, ವಾರದೊಳಗೆ ಅದನ್ನು ಇಳಿಸಿದರು. ಕಂಬ ಒಡೆದಾಗ ಒಳಗಿನ ಸರಳುಗಳನ್ನು ಇಂಜಿನಿಯರು ಕೈಗೆತ್ತಿಕೊಂಡು ತಿಕ್ಕಿದರು. ಬೆರಳಿನ ಸಂದಿಯಿಂದ ಕೆಂಪು ಪುಡಿ ಉದುರಿತು.

ನಮ್ಮ ಕ್ಯಾಮೆರಾದ ಫೋಟೋಗಳನ್ನು ಆಮೇಲೆ ಕಚೇರಿಯವರು ಕೇಳಿ ಇಸಿದುಕೊಂಡರು. ಟೀಚರಿನ ಫೋಟೋಗಳನ್ನೂ. ಯಾವುದು ಹೆಚ್ಚು ಕೆಲಸಕ್ಕೆ ಬಂತೆಂದು ಕೇಳಿದರೆ ಈಗಲೂ ಹೇಳಲಾರೆ. ನನ್ನ ಕ್ಯಾಮೆರಾ ಬಿರುಕನ್ನು ಹಿಡಿಯಿತು, ಆದರೆ ಅದು ಅಲ್ಲಿದ್ದದ್ದು ಕೆಲವೇ ದಿನ. ಟೀಚರಿನ ಫೋನು ವರ್ಷವೆಲ್ಲ ಅಲ್ಲಿತ್ತು.

ಪಟ್ಟಿಯಲ್ಲಿ ಅದೇ ಕಾಲಕ್ಕೆ ಕಟ್ಟಿದ ಇನ್ನೂ ಕೆಲವು ಟಾಕಿಗಳು ಉಳಿದಿದ್ದವು. ಮುಂದಿನ ಊರಿಗೆ ನಾನು ಟಾಕಿ ತುಂಬುವ ಹೊತ್ತಿಗೇ ಹೋದೆ. ಮೋಟರು ನಡೆದಿತ್ತು, ಹೆಂಗಸರು ಸಾಲು ನಿಂತಿದ್ದರು. ಸ್ಟ್ಯಾಂಡು ಬಿಚ್ಚಿ ಕಂಬದ ಕಡೆ ನೋಡಿದವಳು ಅಲ್ಲೇ ನಿಂತುಬಿಟ್ಟೆ. ಆರೂ ಕಂಬಗಳಿಗೆ ಬುಡದಿಂದ ಮೇಲಿನವರೆಗೆ ಹೊಸ ಬಣ್ಣ ಬಳಿದಿದ್ದರು. ದಪ್ಪನೆಯ, ಹೊಳೆಯುವ ನೀಲಿ.

“ಯಾವಾಗ ಹಚ್ಚಿದ್ರಿ ಇದನ್ನ?” ಎಂದು ಸಾಲಿನಲ್ಲಿದ್ದ ಒಬ್ಬಳನ್ನು ಕೇಳಿದೆ.

“ನಿನ್ನಿ ಸಂಜೀಕ. ಫೋಟೋ ತೆಗಿಯೋರು ಬರ್ತಾರಂತ ಹಚ್ಚಿ ಹೋಗ್ಯಾರ್ರಿ. ಚಂದ ಆಗ್ಯಾದಲ್ಲ?”

ಕಂಬಕ್ಕೆ ಅಂಗೈ ಒತ್ತಿದೆ. ನೀಲಿ ನನ್ನ ಕೈಗೆ ಹತ್ತಿತು. ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಸ್ಕೂಟಿಯಿಂದ ಸ್ಕ್ರೂಡ್ರೈವರ್ ತಂದು, ಎದೆಮಟ್ಟದಲ್ಲಿ ಕೆರೆಯಲು ಶುರುಮಾಡಿದೆ. ಮೇಲೆ ನೀರು ಏರುತ್ತಲೇ ಇತ್ತು.